ಪೆಟ್ಟು ತಿಂದ ತಾಮ್ರ

ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಹೆಸರಿನಲ್ಲಿಯೇ ಸುತ್ತಿಗೆಯ ಸದ್ದು ಅಡಗಿದೆ. ತಾಮ್ರ, ಹಿತ್ತಾಳೆ, ಕಂಚುಗಳನ್ನು ಪಾತ್ರೆಯಾಗಿಸುವವನೇ ಕಂಚಗಾರ. ಅವನ ಕೈಗೆ ಬಂದ ತಾಮ್ರದ ತಗಡು ಮೊದಲು ಮೃದು. ಬಡಿದಂತೆಲ್ಲ ಅದು ಬಿರುಸಾಗುತ್ತದೆ. ಇನ್ನೂ ಬಡಿದರೆ ಅಂಚು ಸೀಳುತ್ತದೆ. ಅದಕ್ಕೆ ಮುನ್ನವೇ ಕಸುಬು ಬಲ್ಲವನು ತಗಡನ್ನು ಕೆಂಪಗೆ ಕಾಯಿಸುತ್ತಾನೆ. ತಾಮ್ರವು ಮತ್ತೆ ಸುತ್ತಿಗೆಗೆ ಒಲಿಯುತ್ತದೆ.

ಇದರ ಮರ್ಮವನ್ನು 1934ರಲ್ಲಿ ಟೇಲರ್, ಒರೋವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡರು. ಲೋಹದ ಹರಳುಗಳಲ್ಲಿ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತದೆ. ಇವನ್ನು ಪಲ್ಲಟಗಳೆನ್ನೋಣ. ಇವು ಸರಿದಾಡುವುದರಿಂದಲೇ ಲೋಹವು ಮಣಿಯುತ್ತದೆ. ಪೆಟ್ಟು ಬಿದ್ದಂತೆ ಪಲ್ಲಟಗಳು ಕೋಟಿಗಟ್ಟಲೆ ಹೆಚ್ಚಿ, ಜಾತ್ರೆಯ ಚಕ್ಕಡಿಗಳಂತೆ ಒಂದರ ದಾರಿಗೊಂದು ಅಡ್ಡವಾಗುತ್ತವೆ. ಆ ಇಕ್ಕಟ್ಟೇ ಲೋಹದ ಗಟ್ಟಿತನ. ಕಾಯಿಸಿದಾಗ ಪಲ್ಲಟಗಳು ಬಹುಪಾಲು ಅಳಿದು ಹೊಸ ಹರಳುಗಳು ಹುಟ್ಟುತ್ತವೆ.

ಕಡೆಯ ಬಡಿತದ ತರುವಾಯ ಮಾತ್ರ ಕಾಯಿಸುವುದಿಲ್ಲ. ತುಂಬಿದ ಕೊಡವು ಸುಲಭವಾಗಿ ನೆಗ್ಗದಿರುವುದು ಆ ಪೆಟ್ಟುಗಳು ಉಳಿಸಿದ ಬಿರುಸಿನಿಂದಲೇ.

ಪೆಟ್ಟು ತಿಂದರೆ ಮಕ್ಕಳು ಗಟ್ಟಿಯಾಗುತ್ತಾರೆಂಬ ಮಾತನ್ನು ನಾವು ಹಗುರವಾಗಿ ಆಡುತ್ತೇವೆ. ತಾಮ್ರದ ಮಟ್ಟಿಗೂ ಅದು ಅರ್ಧಸತ್ಯ. ಸುತ್ತಿಗೆಯನ್ನು ಯಾವಾಗ ಕೆಳಗಿಡಬೇಕೆಂದು ಬಲ್ಲವನ ಕೈಯಲ್ಲಿ ಮಾತ್ರ ತಗಡು ಕೊಡವಾದೀತು.