ಡೋಪಮೈನ್ ಸುಖದ ರಸವಲ್ಲ

ಬಾರಾಮತಿಯಲ್ಲಿ ನೆಲೆಸಿರುವ ಕನ್ನಡ ಓದುಗರೊಬ್ಬರು ಕೇಳಿದ್ದಾರೆ: "ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಮೊಬೈಲಿನಲ್ಲಿ ದಿನಾ ನೋಡ್ತೀವಿ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಅದು ಹೆಚ್ಚಂತೆ. ಮತ್ತೆ ಅವರು ಅಷ್ಟೊಂದು ಹೆದರಿರ್ತಾರಲ್ಲ, ಯಾಕೆ?"

ಎಂಥ ಒಳ್ಳೆಯ ಪ್ರಶ್ನೆ! ಡೋಪಮೈನಿಗೆ ಖುಷಿಯ ಪಟ್ಟ ಕಟ್ಟಿದ್ದೇ ತಪ್ಪು. 'ಇದು ಮುಖ್ಯ, ಇತ್ತ ನೋಡು' ಎಂದು ಮಿದುಳಿಗೆ ಸೂಚಿಸುವುದು ಅದರ ದೊಡ್ಡ ಕೆಲಸ.

ಬಾರಾಮತಿಯ ಬಸ್ ನಿಲ್ದಾಣದಲ್ಲಿ ಪುಣೆಯ ಬಸ್ಸಿಗೆ ಕಾಯುತ್ತಿದ್ದೀರಿ ಅಂದುಕೊಳ್ಳಿ. ಯಾರೋ ಕೆಮ್ಮುತ್ತಾರೆ, ಯಾರೋ ಫೋನಿನಲ್ಲಿ ನಗುತ್ತಾರೆ, ಕಬ್ಬಿನ ಟ್ರ್ಯಾಕ್ಟರೊಂದು ಹಾರನ್ ಹೊಡೆದು ಹೋಗುತ್ತದೆ. ಇದಾವುದೂ ನಿಮಗೆ ತಾಗುವುದಿಲ್ಲ. ಪುಣೆ ಬಸ್ ಬಂತೆಂಬ ಕೂಗಿಗೆ ಮಾತ್ರ ತಟ್ಟನೆ ಏಳುತ್ತೀರಿ. ಆದರೆ ಸ್ಕಿಜೋಫ್ರೀನಿಯಾ ಉಲ್ಬಣಿಸಿದಾಗ ಮಿದುಳಿನ ಆಳದಲ್ಲಿರುವ ಸ್ಟ್ರೈಯೇಟಮ್ ಎಂಬ ಭಾಗದಲ್ಲಿ ಡೋಪಮೈನ್ ಹೊತ್ತಲ್ಲದ ಹೊತ್ತಿನಲ್ಲಿ ಹೊಮ್ಮುತ್ತದೆ. ಆಗ ಆ ಕೆಮ್ಮು, ಆ ನಗು, ಆ ಹಾರನ್ ಎಲ್ಲವೂ ತನ್ನನ್ನೇ ಕುರಿತದ್ದು ಅನ್ನಿಸುತ್ತದೆ. ಕಾರಣ ಹುಡುಕದೆ ಮನುಷ್ಯನ ಬುದ್ಧಿ ಸುಮ್ಮನಿರದು. ಪೊಲೀಸರು ಬೆನ್ನು ಹತ್ತಿದ್ದಾರೆ, ಅತ್ತಿಗೆ ಮದ್ದು ಹಾಕಿದ್ದಾಳೆ ಎಂದೆಲ್ಲ ಕಥೆ ಕಟ್ಟುತ್ತದೆ. ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಮುಂದಿಟ್ಟ ಈ ವಿವರಣೆ ನನಗೆ ಬಲು ಇಷ್ಟ. ಭ್ರಾಂತಿಯಲ್ಲಿರುವವರನ್ನು 'ಬುದ್ಧಿಗೆಟ್ಟವರು' ಎನ್ನುವ ನಮ್ಮ ಬಾಯಿಯನ್ನು ಅದು ಮುಚ್ಚಿಸುತ್ತದೆ. ಸುಳ್ಳು ಸೂಚನೆಗೂ ಅರ್ಥ ಹುಡುಕಲು ಅವರ ಬುದ್ಧಿ ಹೆಣಗುತ್ತಿರುತ್ತದೆ.

ಸ್ಕಿಜೋಫ್ರೀನಿಯಾಕ್ಕೆ ಕೊಡುವ ಬಹುಪಾಲು ಮಾತ್ರೆಗಳು ಡಿ2 ಗ್ರಾಹಕಗಳನ್ನು, ಅಂದರೆ ಡೋಪಮೈನ್ ಹೋಗಿ ಅಂಟುವ ತಾಣಗಳನ್ನು, ತಡೆಯುತ್ತವೆ. ಸಾಮಾನ್ಯವಾಗಿ ಶೇ. 65ರಿಂದ 80ರಷ್ಟು ತಡೆದರೆ ಗುಣ ಕಾಣುತ್ತದೆ, ಅದನ್ನು ಮೀರಿದರೆ ಕೈಕಾಲು ಬಿಗಿತ, ನಡುಕ. ಹೊಸ ಸುಳ್ಳು ಸೂಚನೆಗಳು ತಗ್ಗಿದರೂ ಆಗಲೇ ಕಟ್ಟಿಕೊಂಡ ಕಥೆ ಕರಗಲು ವಾರಗಳು ಬೇಕು. 'ಎಂಟು ದಿನವಾಯಿತು, ಅನುಮಾನ ಹೋಗಲಿಲ್ಲ' ಎಂದು ಮಾತ್ರೆ ನಿಲ್ಲಿಸುವ ಮನೆಯವರು ಇದನ್ನು ಗಮನಿಸಬೇಕು.

ಡೋಪಮೈನ್ ಸಂಶೋಧನೆಯ ಕಥೆಯಲ್ಲಿ ನಮ್ಮ ನೆಲದ ಬೇರೂ ಒಂದಿದೆ. ಸರ್ಪಗಂಧ ಎಂಬ ಔಷಧಿ ಗಿಡದ ಬೇರು ಉನ್ಮಾದವನ್ನು ತಣಿಸುತ್ತದೆಂದು ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಅದರಿಂದ ರಿಸರ್ಪೀನ್ ಬೇರ್ಪಟ್ಟಿತು. ಅದು ಮಿದುಳಿನ ಡೋಪಮೈನ್ ದಾಸ್ತಾನನ್ನು ಬರಿದು ಮಾಡುತ್ತದೆಂದು ತೋರಿಸಿದ್ದು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಬಳಗ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು.

ಇಷ್ಟೆಲ್ಲ ತಿಳಿದ ಮೇಲೂ ಕಿವಿಯಲ್ಲಿ ದನಿ ಕೇಳಿಸುತ್ತದೆ ಎಂದ ಹುಡುಗನನ್ನು ದೆವ್ವ ಬಿಡಿಸಲು ಕರೆದೊಯ್ದು ಹೊಡೆಸುತ್ತೇವಲ್ಲ, ಇದು ಅನ್ಯಾಯ. ಮಹಾರಾಷ್ಟ್ರದಲ್ಲಿ 2013ರಿಂದ ಅಪರಾಧವೂ ಹೌದು. ಔಷಧದ ಫಲವನ್ನೂ ನೋಡಿ: ಕರ್ನಾಟಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಹಳ್ಳಿಹಳ್ಳಿಯ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ನೋಡಿದ್ದಾರೆ. ಔಷಧ ಪಡೆದವರು ದಿನನಿತ್ಯದ ಬದುಕಿಗೆ ಮರಳುವುದು ಔಷಧವಿಲ್ಲದವರಿಗಿಂತ ಸುಲಭವಾಯಿತು.

ಮನೆಯಲ್ಲಿ ಇಂಥವರಿದ್ದರೆ 'ಎಲ್ಲ ನಿನ್ನ ಭ್ರಮೆ' ಎಂದು ವಾದಕ್ಕಿಳಿಯಬೇಡಿ. ಕಥೆ ಸುಳ್ಳಿರಬಹುದು, ಭಯ ಸುಳ್ಳಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡಬಹುದು.