ಹೆಬ್ಬೆರಳಿನಷ್ಟು ಸ್ವಿಚ್ಚು, ನಿಂತಲ್ಲೇ ಉರಿದ ಕಾರು

ಕಾರಿನ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಆಕಾರದ ಕೆಂಪು ದೀಪವೊಂದು ಹೊತ್ತಿ, ಎಂಜಿನ್ ಚಾಲೂ ಆದ ಕೂಡಲೇ ಆರಿಹೋಗುತ್ತದಲ್ಲ, ಅದರ ಹಿಂದೆ ಇರುವುದು ಸಾಮಾನ್ಯವಾಗಿ ಎಂಜಿನ್ನಿಗೆ ತಿರುಚಿ ಕೂರಿಸಿದ ಹೆಬ್ಬೆರಳು ಗಾತ್ರದ ಪ್ರೆಶರ್ ಸ್ವಿಚ್. ಒಳಗಿನ ಮುಖ್ಯ ಸಾಮಾನು ಮೂರೇ: ತೆಳುವಾದ ಪೊರೆ, ಸ್ಪ್ರಿಂಗ್, ಒಂದು ಜೊತೆ ಕಾಂಟ್ಯಾಕ್ಟ್. ಆಯಿಲ್ ಒತ್ತಡ ಸ್ಪ್ರಿಂಗಿನ ಬಲ ಮೀರಿದರೆ ಕಾಂಟ್ಯಾಕ್ಟ್ ಬಿಡುತ್ತದೆ, ದೀಪ ಆರುತ್ತದೆ. ಕೀ ತಿರುಗಿಸಿದಾಗ ದೀಪ ಹೊತ್ತಲೇ ಇಲ್ಲವೆಂದರೆ ಖುಷಿಪಡಬೇಡಿ, ವೈರೋ ಸ್ವಿಚ್ಚೋ ಕೈಕೊಟ್ಟಿರಬಹುದು. ದಿನವಿಡೀ ಸಾಫ್ಟ್‌ವೇರ್ ಜೊತೆ ಗುದ್ದಾಡುವ ನಮ್ಮಂಥವರಿಗೆ ಹೊಟ್ಟೆಕಿಚ್ಚು ಬರುವಷ್ಟು ಸರಳ ಯಂತ್ರ ಇದು.

ಕಾರ್ಖಾನೆಯ ಏರ್ ಕಂಪ್ರೆಸರ್, ಲಾರಿಗಳ ಏರ್ ಬ್ರೇಕ್, ಕಾರಿನ ಎ.ಸಿ., ಎಲ್ಲದರಲ್ಲೂ ಇದರ ದಾಯಾದಿಗಳಿವೆ. ಕಂಪ್ರೆಸರ್‌ನಲ್ಲಿ 8 ಬಾರ್‌ಗೆ ಮೋಟಾರು ನಿಂತರೆ 6 ಬಾರ್‌ಗೆ ಇಳಿದ ಮೇಲೆಯೇ ಮತ್ತೆ ಶುರು, ಹೀಗೆ ಬೇಕೆಂದೇ ಅಂತರ ಇಡುತ್ತಾರೆ. ಇಲ್ಲದಿದ್ದರೆ ಮೋಟಾರು ಪದೇ ಪದೇ ಆನ್-ಆಫ್ ಆಗಿ ಸುಟ್ಟೀತು.

ಇಂಥದ್ದೇ ಒಂದು ಪುಟ್ಟ ಸ್ವಿಚ್ಚು ಅಮೆರಿಕದಲ್ಲಿ ಫೋರ್ಡ್ ಕಂಪನಿಯ ನಿದ್ದೆ ಕೆಡಿಸಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತಯಾರಿಸಿದ ಅದರ ಕೆಲಸ ಇಷ್ಟೇ: ಚಾಲಕ ಬ್ರೇಕನ್ನು ಬಲವಾಗಿ ಒತ್ತಿದಾಗ ಕ್ರೂಸ್ ಕಂಟ್ರೋಲ್ ಕಡಿದುಹಾಕುವುದು. ಅದೂ ಬ್ರೇಕ್ ಪೆಡಲಿನ ಮಾಮೂಲಿ ಸ್ವಿಚ್ಚು ಕೈಕೊಟ್ಟರೆ ಇರಲಿ ಎಂಬ ಎರಡನೇ ಕಾವಲು. ಒಂದು ಬದಿ ಬ್ರೇಕ್ ದ್ರವ, ಇನ್ನೊಂದು ಬದಿ ಕರೆಂಟು, ನಡುವೆ ಕ್ಯಾಪ್ಟನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪೊರೆ. ವರ್ಷಗಳು ಕಳೆದಂತೆ ಪೊರೆ ಬಿರಿಯಿತು, ದ್ರವ ಕಾಂಟ್ಯಾಕ್ಟಿನತ್ತ ಜಿನುಗಿತು, ತುಕ್ಕು ಹಿಡಿಸಿತು, ಬಿಸಿಯೇರಿ ಬೆಂಕಿ ಹೊತ್ತಿತು.

ಭಯ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಆ ಸ್ವಿಚ್ಚಿಗೆ ಕರೆಂಟು ಕೀ ತೆಗೆದ ಮೇಲೂ ಹರಿಯುತ್ತಲೇ ಇತ್ತು. ಹಾಗಾಗಿ ಎಂಜಿನ್ ಆರಿಸಿ ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದ ಗಾಡಿಗಳೂ ಹೊತ್ತಿಕೊಂಡವು. 1999ರಲ್ಲಿ ಶುರುವಾದ ವಾಪಸಾತಿ ಕಂತು ಕಂತಾಗಿ 2009ರವರೆಗೆ ನಡೆದು, ಸುಮಾರು 1.4 ಕೋಟಿ ವಾಹನಗಳನ್ನು ಮುಟ್ಟಿತು. ಇಷ್ಟು ಸಣ್ಣ ಭಾಗಕ್ಕೆ ಹತ್ತು ವರ್ಷ ಹಿಡಿದದ್ದು ನನಗಂತೂ ಒಪ್ಪಿಗೆಯಾಗದ ಮಾತು.

ರಿಪೇರಿ ನೋಡಿದರೆ ಇನ್ನೂ ಬೇಸರವಾಗುತ್ತದೆ. ಬಹುಪಾಲು ಗಾಡಿಗಳಿಗೆ ಹಾಕಿದ್ದು ಫ್ಯೂಸ್ ಇರುವ ಒಂದು ತುಂಡು ವೈರು.