ದಾದಾ ಅವರ ಫೋನಿನಲ್ಲಿರುವ ಹಾವು

ಪರೀಕ್ಷೆ ಹತ್ತಿರ ಬಂತೆಂದು ಅಮ್ಮಿ ನನ್ನ ಸ್ಮಾರ್ಟ್‌ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಉಳಿದದ್ದು ದಾದಾ ಅವರ ಕೀಪ್ಯಾಡ್ ಫೋನ್. ಅದರಲ್ಲಿದ್ದದ್ದು ಹಾವಿನ ಆಟ. ಮೊದಲ ದಿನ ಬೇಜಾರು ಕಳೆಯಲು ಆಡಿದೆ. ಎರಡನೇ ದಿನ ದಾದಾ ಅವರ ಅಂಕ ದಾಟಲೇಬೇಕೆಂದು ಆಡಿದೆ. ಇಷ್ಟು ಸರಳವಾದ ಆಟ ಯಾಕೆ ಹೀಗೆ ಹಿಡಿದು ಕೂರಿಸುತ್ತದೆ?

ಈ ಆಟ ಹುಟ್ಟಿದ್ದು ಫೋನಿನಲ್ಲಲ್ಲ. 1976ರಲ್ಲಿ ಅಮೆರಿಕದ ಗ್ರೆಮ್ಲಿನ್ ಕಂಪನಿ 'ಬ್ಲಾಕೇಡ್' ಎಂಬ ಆಟ ತಂದಿತು. ಅದು ನಾಣ್ಯ ಹಾಕಿ ಇಬ್ಬರು ಆಡುವ ಯಂತ್ರ. ಆಟಗಾರ ಹೋದ ದಾರಿಯಲ್ಲೆಲ್ಲ ಗೋಡೆ ಬೆಳೆಯುತ್ತದೆ, ಡಿಕ್ಕಿ ಹೊಡೆದವರು ಸೋತಂತೆ. 1997ರಲ್ಲಿ ಫಿನ್ಲೆಂಡಿನ ನೋಕಿಯಾ ಕಂಪನಿಯ ತನೇಲಿ ಅರ್ಮಾಂಟೊ ಹಾವಿನ ಆಟವನ್ನು 6110 ಎಂಬ ಫೋನಿಗೆ ಸಿದ್ಧಪಡಿಸಿದರು. 2017ರಲ್ಲಿ ನೋಕಿಯಾ 3310 ಹೊಸದಾಗಿ ಬಂದಾಗಲೂ ಅದರಲ್ಲಿ ಹಾವು ಇತ್ತು.

ತಿಂದರೆ ಹಾವು ಉದ್ದವಾಗುತ್ತದೆ, ತನ್ನ ಮೈಗೇ ತಗುಲಿದರೆ ಆಟ ಮುಗಿಯಿತು. ಇಲ್ಲಿ ಶತ್ರು ಇಲ್ಲ. ನಾವು ಗೆದ್ದಷ್ಟೂ ನಮಗೇ ಜಾಗ ಕಡಿಮೆಯಾಗುತ್ತದೆ. ಸೋತರೆ ಯಾರನ್ನೂ ದೂರುವಂತಿಲ್ಲ. ತಪ್ಪು ಎಲ್ಲಾಯಿತೆಂದು ಆ ಕ್ಷಣವೇ ತಿಳಿಯುತ್ತದೆ, ಅದಕ್ಕೇ 'ಇನ್ನೊಂದು ಸಲ' ಅನ್ನಿಸುತ್ತದೆ.

ನಮ್ಮ ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವಿದೆ. ಮೊದಲ ತಟ್ಟೆ ಬಿರಿಯಾನಿಯ ಖುಷಿ ಮೂರನೇ ತಟ್ಟೆಯಲ್ಲಿ ಇರುವುದಿಲ್ಲ. ಹಾವಿನ ಆಟದಲ್ಲಿ ಇದು ಉಲ್ಟಾ. ಮೊದಲ ತುತ್ತು ಸುಲಭ, ಐವತ್ತನೆಯದು ಕಷ್ಟ, ಖುಷಿಯೂ ಅದರಲ್ಲೇ ಹೆಚ್ಚು.

ದಾದಾಗೆ ಇದನ್ನು ವಿವರಿಸಿದಾಗ ನಕ್ಕು, "ಬುಗುರಿಯೂ ಹಾಗೇ ಅಲ್ಲವೇನೋ?" ಎಂದರು. ಅವರು ಚನ್ನಪಟ್ಟಣದಲ್ಲಿ ಲೇತ್ ಕೆಲಸ ಮಾಡಿದವರು. ಆಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹಾಗೆ ತಯಾರಾದ ಬುಗುರಿಗೆ ಬ್ಯಾಟರಿ ಬೇಡ, ಹೇಳಿಕೊಡುವವರೂ ಬೇಡ. ಬಿದ್ದರೆ ಮಗು ಮತ್ತೆ ತಿರುಗಿಸುತ್ತದೆ.

ಈಗ ದಾದಾ ಕೈ ನಡುಗುತ್ತದೆ, ಲೇತ್ ಬಿಟ್ಟಿದ್ದಾರೆ. ಆದರೆ ಹಾವಿಗೆ ನಾಲ್ಕು ಬಟನ್ ಸಾಕು. ನನ್ನ ಸ್ಮಾರ್ಟ್‌ಫೋನಿನ ಒಂದು ಆಟವನ್ನೂ ನಾವಿಬ್ಬರು ಸೇರಿ ಆಡಿದ್ದಿಲ್ಲ. ಪರೀಕ್ಷೆ ಮುಗಿದು ನನ್ನ ಫೋನ್ ವಾಪಸ್ ಬಂದಿದೆ. ಆದರೂ ಸಂಜೆ ಹೊಂಗನೂರಿನ ನಮ್ಮ ಮನೆಯ ಜಗಲಿಯಲ್ಲಿ ದಾದಾ ಪಕ್ಕ ಕೂರುತ್ತೇನೆ. ಅವರ 412 ಅಂಕವನ್ನು ನಾನಿನ್ನೂ ದಾಟಿಲ್ಲ.